ಶನಿವಾರದ ಹುಲಿಗೆ ಭಾನುವಾರ ಏನಾಯ್ತು?

ಡ್ಯೂಪ್ ಇಲ್ಲ, ರೀಟೇಕ್ ಇಲ್ಲ! ವಯಸ್ಸಾದ ಗಾಲ್ಫ್ ಹೀರೋಗಳು ರಾತ್ರಿ ಹೊತ್ತು ನಡೆಸುವ ಗುಟ್ಟಿನ ಫೈಟಿಂಗ್!

1967ರ ಏಪ್ರಿಲ್ ತಿಂಗಳು. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ. ಮಾಸ್ಟರ್ಸ್ ಗಾಲ್ಫ್ ಪಂದ್ಯದ ಮೂರನೆಯ ದಿನ, ಶನಿವಾರದ ಸಂಜೆ.

ಹದಿನೆಂಟನೆಯ ಗುಳಿಯತ್ತ ಹೋಗುವ ಏರುದಾರಿಯಲ್ಲಿ ಒಬ್ಬ ಮನುಷ್ಯ ಮೆಲ್ಲಗೆ ಹತ್ತಿ ಬರುತ್ತಿದ್ದಾನೆ. ತಲೆಯ ಮೇಲೆ ಬಿಳಿ ಟೋಪಿ. ಕಾಲು ಸ್ವಲ್ಪ ಕುಂಟು. ವಯಸ್ಸು 54! ಆದರೂ ಸುತ್ತ ನಿಂತ ಜನಕ್ಕೆ ಹುಚ್ಚು ಹಿಡಿದ ಹಾಗೆ ಆಗಿದೆ. ಚಪ್ಪಾಳೆಯೋ ಚಪ್ಪಾಳೆ! ಯಾಕೆ ಗೊತ್ತೆ? ಆ ದಿನ ಕೊನೆಯ 9 ಗುಳಿಗಳನ್ನ ಆತ ಬರೀ 30 ಹೊಡೆತಗಳಲ್ಲಿ ಮುಗಿಸಿದ್ದ. ಒಟ್ಟು 18 ಗುಳಿಗೆ 66. ಅಲ್ಲಿನ ಲೆಕ್ಕ 72. ಗಾಲ್ಫಿನಲ್ಲಿ ಹೊಡೆತ ಎಷ್ಟು ಕಡಿಮೆಯೋ ಅಷ್ಟು ದೊಡ್ಡ ಆಟಗಾರ. ಅಂದಮೇಲೆ ಈ 66 ಅಂದ್ರೆ ಮಗನ ವಯಸ್ಸಿನ ಹುಡುಗರ ಮುಖಕ್ಕೆ ಮಸಿ ಬಳಿದ ಹಾಗೆ!

ಆತನ ಹೆಸರು ಬೆನ್ ಹೋಗನ್.

ಮಾರನೆಯ ದಿನ ಭಾನುವಾರ. ಅದೇ ಮೈದಾನ, ಅದೇ ಕೋಲು, ಅದೇ ಕೈ. ಹೋಗನ್ ಆಡಿದ. ಎಷ್ಟು ಹೊಡೆತ? 77! ಒಂದೇ ರಾತ್ರಿಯಲ್ಲಿ 11 ಹೊಡೆತ ಜಾಸ್ತಿ. ಗೆಲುವಿನ ಮಾತು ಬಿಡಿ, ಹತ್ತನೆಯ ಸ್ಥಾನ ಹಂಚಿಕೊಂಡು ಮನೆಗೆ ಹೋದ.

ಏನಾಯ್ತು ಈ ಹುಲಿಗೆ? ಆಟ ಮರೆತುಹೋಯ್ತೆ? ಇಲ್ಲ. ಎದುರಾಳಿ ಮೋಸ ಮಾಡಿದನೆ? ಅದೂ ಇಲ್ಲ. ಕಥೆಯ ವಿಲನ್ ಬೇರೆ ಇದ್ದಾನೆ. ಅವನೇ ಶನಿವಾರದ ರಾತ್ರಿ! ಒಂದು ದಿನ ಸುಸ್ತಾದ ಮೈ ಮಾರನೆಯ ದಿನ ಬೆಳಗಾಗುವುದರೊಳಗೆ ಮತ್ತೆ ಎದ್ದು ನಿಲ್ಲಬೇಕಲ್ಲ, ಅಲ್ಲೇ ಇರೋದು ವಯಸ್ಸಾದ ಆಟಗಾರನ ನಿಜವಾದ ಪಂದ್ಯ. ಅದನ್ನ ಯಾರೂ ಟಿಕೆಟ್ ತಗೊಂಡು ನೋಡಲ್ಲ, ಯಾವ ಕ್ಯಾಮೆರಾನೂ ತೆಗೆಯಲ್ಲ. ಆ ಕಥೆಯನ್ನೇ ಈ ಸಲ ನಿಮಗೆ ಹೇಳಹೊರಟಿದ್ದೇವೆ.

ಸೋಂಬೇರಿಗಳ ಆಟವೆ?

ಬೆಂಗಳೂರಿನ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆ ಹಸಿರು ಹುಲ್ಲು ಹಾಸು ಕಂಡಿದ್ದೀರಲ್ಲ? 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಅದು. ಟೋಪಿ ಹಾಕಿಕೊಂಡ ದೊಡ್ಡ ಮನುಷ್ಯರು ಒಂದು ಏಟು ಹೊಡೆದು, ಆರಾಮವಾಗಿ ನಡೆದು, ಮತ್ತೊಂದು ಏಟು ಹೊಡೆಯೋದನ್ನ ನೋಡಿ "ಇದೂ ಒಂದು ಆಟವಾ ಗುರೂ?" ಅಂತ ಪಕ್ಕದವನಿಗೆ ಹೇಳಿರ್ತೀರಿ. ನಾವೂ ಹೇಳಿದ್ದೆವು.

ಆದರೆ ಲೆಕ್ಕ ಹಾಕಿ ನೋಡಿ. ಒಂದು ಸುತ್ತು ಅಂದ್ರೆ 18 ಗುಳಿ. ಏರು ತಗ್ಗು ಎಲ್ಲ ಸೇರಿ ಸುಮಾರು 8ರಿಂದ 10 ಕಿಲೋಮೀಟರ್ ನಡಿಗೆ. ನಾಲ್ಕರಿಂದ ಐದು ಗಂಟೆ ಬಿಸಿಲಲ್ಲೋ ಮಳೆಯಲ್ಲೋ ಕಾಲ ಮೇಲೆ ನಿಂತಿರಬೇಕು. ಹೊಡೆಯುವಾಗ ಸೊಂಟವನ್ನ ಬಟ್ಟೆ ಹಿಂಡಿದ ಹಾಗೆ ತಿರುಚಿ, ಮರುಕ್ಷಣವೇ ಬಿಚ್ಚಿ ಬಿಡಬೇಕು. ಆ ಒಂದು ಕ್ಷಣದಲ್ಲಿ ಬೆನ್ನಿನ ಕೆಳಗಿನ ಮೂಳೆಗಳ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತೆ. ಅದೂ ಯಾವಾಗಲೂ ಒಂದೇ ದಿಕ್ಕಿಗೆ. ಪಂದ್ಯಕ್ಕೆ ಮುಂಚೆ ಪ್ರಾಕ್ಟೀಸ್ ಅಂತ ಹೊಡೆಯೋ ಚೆಂಡುಗಳ ಲೆಕ್ಕ ಬೇರೆ.

ಇಷ್ಟೆಲ್ಲ ಒಂದು ದಿನಕ್ಕೆ ಮುಗಿಯೋದಾದರೆ ಸರಿ ಅನ್ನಬಹುದಿತ್ತು. ದೊಡ್ಡ ಪಂದ್ಯ ಅಂದ್ರೆ ನಾಲ್ಕು ದಿನ! ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ನಾಲ್ಕು ದಿನದ ಹೊಡೆತ ಕೂಡಿಸಿ ಗೆದ್ದವನನ್ನ ತೀರ್ಮಾನಿಸ್ತಾರೆ. ನಮ್ಮ ಸಿನಿಮಾ ಹೀರೋಗೆ ಫೈಟಿಂಗ್ ದಿನ ಸೊಂಟ ಹಿಡ್ಕೊಂಡ್ರೆ ಡೈರೆಕ್ಟರು "ಪ್ಯಾಕಪ್" ಅಂತಾರೆ. ಡ್ಯೂಪ್ ಹಾಕಿ ಲಾಂಗ್ ಷಾಟ್ ತೆಗೀತಾರೆ. ಗಾಲ್ಫಿನಲ್ಲಿ ಪ್ಯಾಕಪ್ ಹೇಳೋರು ಯಾರೂ ಇಲ್ಲ. ಬೆಳಿಗ್ಗೆ ಹೆಸರು ಕೂಗಿದ ಹೊತ್ತಿಗೆ ಹಾಜರಿರಬೇಕು. ಇಲ್ಲದಿದ್ದರೆ ಔಟ್!

ಮಂಜು ಮುಸುಕಿದ ಆ ಬೆಳಗು

ಈಗ ಫ್ಲ್ಯಾಶ್‌ಬ್ಯಾಕ್.

1949ರ ಫೆಬ್ರವರಿ 2. ಟೆಕ್ಸಾಸ್ ರಾಜ್ಯದ ವ್ಯಾನ್ ಹಾರ್ನ್ ಊರಿನ ಹತ್ತಿರದ ಹೆದ್ದಾರಿ. ದಟ್ಟ ಮಂಜು. ಹೋಗನ್ ಕಾರು ಓಡಿಸ್ತಿದ್ದಾನೆ, ಪಕ್ಕದಲ್ಲಿ ಹೆಂಡತಿ ವ್ಯಾಲರಿ. ಎದುರಿಗೆ ಲಾರಿಯೊಂದನ್ನ ಹಿಂದೆ ಹಾಕಿ ನುಗ್ಗಿ ಬಂತು ಒಂದು ಬಸ್ಸು. ತಪ್ಪಿಸಿಕೊಳ್ಳಲು ಜಾಗ ಇಲ್ಲ. ಹೋಗನ್ ಏನು ಮಾಡಿದ ಗೊತ್ತೆ? ಸ್ಟೀರಿಂಗ್ ಬಿಟ್ಟು ಹೆಂಡತಿಯ ಮೇಲೆ ಅಡ್ಡ ಬಿದ್ದ, ಅವಳನ್ನ ಉಳಿಸೋದಕ್ಕೆ! ಡಿಕ್ಕಿಯಾದ ರಭಸಕ್ಕೆ ಸ್ಟೀರಿಂಗ್ ಕಂಬ ಅವನು ಕೂತಿದ್ದ ಸೀಟನ್ನೇ ತೂರಿಕೊಂಡು ಹೋಯ್ತು. ಹೆಂಡತಿಗಾಗಿ ಹಾರಿದವನು ತಾನೂ ಬದುಕಿಕೊಂಡ.

ಬದುಕಿದ, ಆದರೆ ಹೇಗೆ! ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಕುತ್ತಿಗೆ ಕೆಳಗಿನ ಮೂಳೆ, ಎಡ ಪಾದದ ಕೀಲು, ಪಕ್ಕೆಲುಬು, ಎಲ್ಲಕ್ಕೂ ಪೆಟ್ಟು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟತೊಡಗಿತು. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಡಾಕ್ಟರುಗಳು ಹೊಟ್ಟೆ ಕೊಯ್ದು, ಕಾಲಿನ ರಕ್ತವನ್ನ ಹೃದಯಕ್ಕೆ ಒಯ್ಯುವ ದೊಡ್ಡ ರಕ್ತನಾಳವನ್ನೇ ಕಟ್ಟಿಬಿಟ್ಟರು. ಪ್ರಾಣ ಉಳೀತು. ಆದರೆ ಅವತ್ತಿನಿಂದ ಕಾಲಿಗಿಳಿದ ರಕ್ತ ಸಲೀಸಾಗಿ ಮೇಲಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತರೆ ಕಾಲು ಊದಿಕೊಳ್ಳುತ್ತಿತ್ತು. ಇವನು ಮತ್ತೆ ನಡೆದರೆ ಅದೇ ದೊಡ್ಡದು ಅಂತ ಜನ ಮಾತಾಡಿಕೊಂಡರು.

ಈ ಕಥೆ ಸಿನಿಮಾ ಆಗದೆ ಇರುತ್ಯೆ? 1951ರಲ್ಲಿ ಹಾಲಿವುಡ್ಡಿನಲ್ಲಿ 'ಫಾಲೋ ದಿ ಸನ್' ಅಂತ ಬಂತು. ಹೋಗನ್ ಆಗಿ ಗ್ಲೆನ್ ಫೋರ್ಡ್, ವ್ಯಾಲರಿಯಾಗಿ ಆನ್ ಬ್ಯಾಕ್ಸ್‌ಟರ್. ಆದರೆ ಗ್ಲೆನ್ ಫೋರ್ಡ್ ಸಾಹೇಬರು ಷಾಟ್ ಓಕೆ ಆದ ಮೇಲೆ ಕಾಲು ಚಾಚಿ ಕೂರಬಹುದಿತ್ತು. ಅಸಲಿ ಹೀರೋಗೆ ಆ ಭಾಗ್ಯ ಎಲ್ಲಿ?

ಸ್ನಾನದ ತೊಟ್ಟಿಯಲ್ಲಿ ನಡೆದ ಯುದ್ಧ

ಅಪಘಾತವಾಗಿ 16 ತಿಂಗಳು. 1950ರ ಜೂನ್. ಪೆನ್ಸಿಲ್ವೇನಿಯಾ ರಾಜ್ಯದ ಮೆರಿಯನ್ ಮೈದಾನದಲ್ಲಿ ಯು.ಎಸ್. ಓಪನ್. ಆಗಿನ ಕಾಲದ ನಿಯಮ ಇನ್ನೂ ಘೋರ. ಕೊನೆಯ ದಿನ ಶನಿವಾರ ಒಂದಲ್ಲ, ಎರಡು ಸುತ್ತು! 36 ಗುಳಿ!

ಹೋಗನ್ ದಿನಚರಿ ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಎಪ್ಸಮ್ ಉಪ್ಪು ಹಾಕಿದ ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚಿ ಕೂರೋದು. ಆಮೇಲೆ ಪಾದದ ಕೀಲಿನಿಂದ ತೊಡೆಯ ತುದಿವರೆಗೆ ಎಲಾಸ್ಟಿಕ್ ಬಟ್ಟೆ ಬಿಗಿಯಾಗಿ ಸುತ್ತೋದು. ಆಟ ಆಡೋದು. ರಾತ್ರಿ ರೂಮಿಗೆ ಬಂದು ಬಟ್ಟೆ ಬಿಚ್ಚಿ ಮತ್ತೆ ಅದೇ ತೊಟ್ಟಿ. ಬೇರೆ ಆಟಗಾರರು ಊಟ ಮಾಡಿ ಹರಟೆ ಹೊಡೆಯೋ ಹೊತ್ತಿನಲ್ಲಿ ಇವನದು ತೊಟ್ಟಿಯೊಳಗೆ ಏಕಾಂತ ತಪಸ್ಸು!

ಶನಿವಾರ 36 ಗುಳಿ ಆಡಿ ಮುಗಿಸುವ ಹೊತ್ತಿಗೆ ಕಾಲುಗಳು ಕಲ್ಲಾಗಿದ್ದವು. ಕೊನೆಯ ಗುಳಿಯಲ್ಲಿ ಒಂದನೇ ನಂಬರಿನ ಕಬ್ಬಿಣದ ಕೋಲಿನಿಂದ ಹೊಡೆದ ಏಟಿನ ಫೋಟೋ ಇವತ್ತಿಗೂ ಗಾಲ್ಫ್ ಲೋಕದಲ್ಲಿ ದೇವರ ಪಟದ ಹಾಗೆ. ಆದರೆ ಆ ಏಟಿಗೆ ಪಂದ್ಯ ಮುಗೀಲಿಲ್ಲ. ಮೂರು ಜನ ಸಮ! ಹೋಗನ್, ಲಾಯ್ಡ್ ಮ್ಯಾಂಗ್ರಂ, ಜಾರ್ಜ್ ಫಾಜಿಯೋ. ಮಾರನೆಯ ದಿನ ಮೂವರೂ ಇನ್ನೊಂದು ಪೂರ್ತಿ ಸುತ್ತು ಆಡಬೇಕು.

ಆ ರಾತ್ರಿ ತೊಟ್ಟಿಯಲ್ಲಿ ಕೂತವನ ಮನಸ್ಸಿನಲ್ಲಿ ಏನಿತ್ತೋ! ಭಾನುವಾರ ಬಂದು ಆಡಿದ. ಹೋಗನ್ 69. ಮ್ಯಾಂಗ್ರಂ 73. ಫಾಜಿಯೋ 75. ಮುರಿದ ಸೊಂಟದವನು ಗೆದ್ದ!

ಆ ತೊಟ್ಟಿ, ಆ ಬಟ್ಟೆಯಲ್ಲಿ ಮಂತ್ರ ಇತ್ತೆ? ಇಲ್ಲ ಸ್ವಾಮಿ. ಬಿಗಿಯಾಗಿ ಸುತ್ತಿದ ಬಟ್ಟೆ ಕಾಲಿನ ರಕ್ತವನ್ನ ಹೊರಗಿಂದ ಒತ್ತಿ ಮೇಲಕ್ಕೆ ಕಳಿಸುತ್ತೆ, ಊತ ಕಡಿಮೆ ಮಾಡುತ್ತೆ. ಈಗಿನ ಡಾಕ್ಟರುಗಳು ಬಿಗಿ ಕಾಲುಚೀಲ ಕೊಡೋದೂ ಅದಕ್ಕೇ. ಎಪ್ಸಮ್ ಉಪ್ಪಿನ ಸತ್ವ ಚರ್ಮದ ಮೂಲಕ ಒಳಗೆ ಇಳಿಯುತ್ತೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಆದರೆ ಬಿಸಿನೀರು ಬಿಗಿದ ಸ್ನಾಯುವನ್ನ ಸಡಿಲ ಮಾಡೋದು ನಿಜ. ನೀರಲ್ಲಿ ಕೂತ ಹೊತ್ತು ಕಾಲಿನ ಮೇಲೆ ಭಾರ ಬೀಳದೆ ಇರೋದೂ ನಿಜ. ನಮ್ಮ ಅಜ್ಜಿಯರು ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯುತ್ತಿದ್ದುದು ಸುಮ್ಮನೆ ಅಲ್ಲ ನೋಡಿ!

ಇನ್ನೊಂದು ಜಾಣತನ ಹೋಗನ್‌ದು. ಕಾಲ್‌ಷೀಟ್ ಕಡಿಮೆ ಮಾಡಿಬಿಟ್ಟ! ದಿನಕ್ಕೆ 36 ಗುಳಿಯಂತೆ ಹಲವು ದಿನ ಆಡಿಸ್ತಿದ್ದ ಪಿ.ಜಿ.ಎ. ಛಾಂಪಿಯನ್‌ಷಿಪ್ ಕಡೆ ವರ್ಷಗಟ್ಟಲೆ ತಲೆ ಹಾಕಲಿಲ್ಲ. 1953ರಲ್ಲಿ ಇಡೀ ವರ್ಷಕ್ಕೆ ಆಡಿದ್ದು ಬರೀ 6 ಪಂದ್ಯ. ಗೆದ್ದದ್ದು 5! ಅದರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್, ಬ್ರಿಟಿಷ್ ಓಪನ್ ಮೂರೂ ಸೇರಿತ್ತು. ವರ್ಷಕ್ಕೆ ಒಂದೊಂದೇ ಪಿಕ್ಚರು ಒಪ್ಪಿಕೊಂಡು ಎಲ್ಲಾನೂ ನೂರು ದಿನ ಓಡಿಸಿದ ಹಾಗೆ!

ಅಂದಹಾಗೆ ಒಂದೇ ದಿನ 36 ಗುಳಿ ಆಡಿಸೋ ಹಿಂಸೆ ನಿಂತದ್ದು ಯಾವಾಗ ಗೊತ್ತೆ? 1964ರ ಯು.ಎಸ್. ಓಪನ್‌ನಲ್ಲಿ ಕೆನ್ ವೆಂಚುರಿ ಬಿಸಿಲಿಗೆ ಕುಸಿದು ಬೀಳುವ ಹಾಗಾದ. ಕೊನೆಯ ಸುತ್ತಿನಲ್ಲಿ ಡಾಕ್ಟರು ಜೊತೆಯಲ್ಲೇ ನಡೆದರು. ಆತ ಗೆದ್ದ, ಆದರೆ ಅಧಿಕಾರಿಗಳಿಗೆ ಬುದ್ಧಿ ಬಂತು. 1965ರಿಂದ ದಿನಕ್ಕೊಂದೇ ಸುತ್ತು. ವೆಂಚುರಿಗೆ ಆಗ 33 ವಯಸ್ಸು. ಪ್ರಾಯದವನ ಗತಿಯೇ ಹೀಗಾದರೆ ಐವತ್ತು ದಾಟಿದವನ ಗತಿ?

ಮೈಯೊಳಗೆ ಏನು ನಡೆಯುತ್ತೆ?

ಆಡಿದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಬಿರುಕು ಬೀಳುತ್ತೆ. ಮೈ ಅದನ್ನ ರಾತ್ರಿ ಕೂತು ರಿಪೇರಿ ಮಾಡುತ್ತೆ. ಇಪ್ಪತ್ತರ ಹುಡುಗನ ಮೈಯಲ್ಲಿ ರಿಪೇರಿಯವರು ಜಾಸ್ತಿ, ಕೆಲಸ ಚುರುಕು. ವಯಸ್ಸಾದಂತೆ ಇದೆಲ್ಲ ನಿಧಾನ.

ಮೊದಲನೆಯದು ನಿದ್ದೆ. ರಿಪೇರಿ ಜೋರಾಗಿ ನಡೆಯೋದು ಗಾಢ ನಿದ್ದೆಯಲ್ಲಿ. ವಯಸ್ಸಾದಂತೆ ಗಾಢ ನಿದ್ದೆಯೇ ಕಡಿಮೆಯಾಗುತ್ತೆ. ಎರಡನೆಯದು ಬಾಯಾರಿಕೆ. ಮೈಗೆ ನೀರು ಬೇಕಾಗಿದ್ದರೂ ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೇ ತಡ. ಮೂರನೆಯದು ಊಟ. ಒಂದು ಮೊಟ್ಟೆಯೋ ಒಂದು ಬಟ್ಟಲು ಬೇಳೆಯೋ ಹುಡುಗನ ಸ್ನಾಯುವಿಗೆ ಕೊಡುವಷ್ಟು ಬಲವನ್ನ ಅರವತ್ತರ ಸ್ನಾಯುವಿಗೆ ಕೊಡಲ್ಲ. ಅಷ್ಟೇ ಲಾಭಕ್ಕೆ ಹೆಚ್ಚು ಪ್ರೋಟೀನು ಬೇಕು.

ಎಲ್ಲಕ್ಕಿಂತ ದೊಡ್ಡ ತಮಾಷೆ ಏನು ಗೊತ್ತೆ? ಒಗ್ಗದ ಕೆಲಸ ಮಾಡಿದ ಮೈಯ ನೋವು ಅವತ್ತೇ ಪೂರ್ತಿ ಬರಲ್ಲ. ಒಂದು ದಿನ, ಎರಡು ದಿನ, ಕೆಲವರಿಗೆ ಮೂರು ದಿನ ಬಿಟ್ಟು ಜೋರಾಗುತ್ತೆ. ಗುರುವಾರ ಮಾಡಿದ ಸಾಲಕ್ಕೆ ಶನಿವಾರ ಬಡ್ಡಿ ಸಮೇತ ವಸೂಲಿ! ಕಲೆ ಅಷ್ಟು ಬೇಗ ಮುಪ್ಪಾಗಲ್ಲ ಸ್ವಾಮಿ. ಐವತ್ತನಾಲ್ಕರ ಕೈಯಲ್ಲಿ 66 ಇದ್ದೇ ಇತ್ತು. ಆದರೆ ಅದನ್ನ ಎರಡು ದಿನ ಒಟ್ಟಿಗೆ ತೆಗೆಯೋ ಶಕ್ತಿ ಇರಲಿಲ್ಲ.

ಎಂಟು ಅಡಿ ದೂರದಲ್ಲಿ ಚರಿತ್ರೆ!

2009ರ ಜುಲೈ. ಸ್ಕಾಟ್‌ಲ್ಯಾಂಡಿನ ಟರ್ನ್‌ಬೆರಿ. ಬ್ರಿಟಿಷ್ ಓಪನ್. ಹೀರೋ ಟಾಮ್ ವಾಟ್ಸನ್, ವಯಸ್ಸು 59. ಹಿಂದಿನ ಅಕ್ಟೋಬರ್‌ನಲ್ಲಷ್ಟೇ ಎಡ ಸೊಂಟದ ಕೀಲು ತೆಗೆದು ಕೃತಕ ಕೀಲು ಹಾಕಿಸಿಕೊಂಡಿದ್ದ. ಮೊದಲ ದಿನ 65. ಆಮೇಲೆ 70, 71. ಮೂರು ದಿನ ಮುಗಿದಾಗ ಎಲ್ಲರಿಗಿಂತ ಮುಂದೆ! ಅಲ್ಲಿಯವರೆಗೆ ದೊಡ್ಡ ಪಂದ್ಯ ಗೆದ್ದವರಲ್ಲಿ ಅತಿ ಹಿರಿಯ ಅಂದ್ರೆ 48 ವರ್ಷದ ಜೂಲಿಯಸ್ ಬೊರೋಸ್, ಅದೂ 1968ರಲ್ಲಿ. ಇವನು ಗೆದ್ದರೆ ಆ ದಾಖಲೆಯನ್ನ 11 ವರ್ಷದಷ್ಟು ಮುರಿದ ಹಾಗೆ.

ಭಾನುವಾರ. ಕೊನೆಯ ಗುಳಿ. ನಾಲ್ಕು ಏಟಿನಲ್ಲಿ ಮುಗಿಸಿದರೆ ಕಪ್ಪು ಅವನದು. ಎರಡನೆಯ ಏಟು ಒಳ್ಳೆ ಏಟೇ, ಆದರೆ ಚೆಂಡು ಪುಟಿದು ಹಸಿರು ದಾಟಿ ಹಿಂದಕ್ಕೆ ಉರುಳಿತು. ಮೂರನೆಯ ಏಟು ಗುಳಿ ದಾಟಿ ನಿಂತಿತು. ಉಳಿದದ್ದು ಸುಮಾರು 8 ಅಡಿ. ಇಡೀ ಜಗತ್ತು ಉಸಿರು ಹಿಡಿದು ನೋಡ್ತಿದೆ... ತಳ್ಳಿದ... ತಪ್ಪಿತು!

ಸ್ಟುವರ್ಟ್ ಸಿಂಕ್ ಜೊತೆ ಸಮ. ಅಲ್ಲಿನ ನಿಯಮದಂತೆ ಕೂಡಲೇ ಇನ್ನೂ ನಾಲ್ಕು ಗುಳಿ ಆಡಬೇಕು. ರಾತ್ರಿ ಇಲ್ಲ, ತೊಟ್ಟಿ ಇಲ್ಲ, ನಿದ್ದೆ ಇಲ್ಲ. ನಾಲ್ಕು ದಿನ ಆಡಿದ ಕಾಲುಗಳು ಬರಿದಾಗಿದ್ದವು. ಆ ನಾಲ್ಕು ಗುಳಿಗೆ 36ರ ಸಿಂಕ್ ತಗೊಂಡದ್ದು 14 ಏಟು. ವಾಟ್ಸನ್ 20. ಆರು ಏಟಿನ ಸೋಲು! ತಪ್ಪಿದ ಆ ಎಂಟು ಅಡಿಗೆ ದಣಿವೇ ಕಾರಣ ಅಂತ ಯಾರೂ ಪ್ರಮಾಣ ಮಾಡಲಾರರು, ಅದೃಷ್ಟವೂ ಕೈಕೊಟ್ಟಿತ್ತು. ಆದರೆ ಆಮೇಲಿನ ನಾಲ್ಕು ಗುಳಿಗಳ ಕಥೆಯನ್ನ ಅವನ ಕಾಲುಗಳೇ ಹೇಳ್ತಿದ್ದವು. ದೊಡ್ಡ ಗಂಡಸರೂ ಟೀವಿ ಮುಂದೆ ಕಣ್ಣೊರೆಸಿಕೊಂಡ ದಿನ ಅದು.

ಟೈಗರ್‌ಗೂ ತಪ್ಪಲಿಲ್ಲ

ಟೈಗರ್ ವುಡ್ಸ್ ಹೆಸರು ಕೇಳದವರುಂಟೆ? 2021ರ ಫೆಬ್ರವರಿಯಲ್ಲಿ ಕಾರು ಮಗುಚಿ ಬಲಗಾಲು ನುಚ್ಚುನೂರು. ಒಳಗೆ ರಾಡು, ಸ್ಕ್ರೂ. 2022ರ ಏಪ್ರಿಲ್‌ನಲ್ಲಿ ಆಗಸ್ಟಾಗೆ ಬಂದ, ಹೋಗನ್ ಕುಂಟುತ್ತಾ ಹತ್ತಿದ ಅದೇ ಏರು! ವಯಸ್ಸು 46. ರಾತ್ರಿ ಹೊತ್ತು ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಕೂತು ಊತ ಇಳಿಸಿಕೊಂಡ. ನಾಲ್ಕು ದಿನದ ಲೆಕ್ಕ ನೋಡಿ: 71, 74, 78, 78. ಹೊಡೆತ ಮರೆತಿರಲಿಲ್ಲ, ನಡೆಯೋದೇ ಕಷ್ಟವಾಗಿತ್ತು. 55 ವರ್ಷದ ನಂತರ ಅದೇ ಮೈದಾನದಲ್ಲಿ ಅದೇ ಕಥೆ!

ಹಾಗಾದರೆ ಗೆದ್ದವರೇ ಇಲ್ಲವೆ? ಇದ್ದಾರೆ. 2021ರ ಮೇ ತಿಂಗಳಲ್ಲಿ ಫಿಲ್ ಮಿಕಲ್ಸನ್ 50ನೆಯ ವಯಸ್ಸಿನಲ್ಲಿ ಪಿ.ಜಿ.ಎ. ಛಾಂಪಿಯನ್‌ಷಿಪ್ ಗೆದ್ದು ಬೊರೋಸ್ ದಾಖಲೆ ಮುರಿದ. ಕೀಲುವಾತದ ಕಾಯಿಲೆ ಇದ್ದ ಮನುಷ್ಯ, ಊಟ ಬಿಗಿ ಮಾಡಿ ಮೈ ಇಳಿಸಿದ್ದ.

ಜರ್ಮನಿಯ ಬರ್ನ್‌ಹಾರ್ಡ್ ಲಾಂಗರ್ ಇನ್ನೂ ಗಟ್ಟಿ ಪಿಂಡ! 50 ದಾಟಿದವರಿಗೇ ಅಂತ ಅಮೆರಿಕದಲ್ಲಿ 1980ರಿಂದ ಬೇರೆ ಟೂರ್ ನಡೀತಿದೆ. ಅಲ್ಲಿ ಬಹುಪಾಲು ಪಂದ್ಯ ಮೂರೇ ದಿನ. ಎಷ್ಟೋ ಕಡೆ ಬ್ಯಾಟರಿ ಗಾಡಿಯಲ್ಲಿ ಓಡಾಡಲೂ ಬಿಡ್ತಾರೆ. ವಯಸ್ಸಿಗೆ ಅವರೇ ಕೊಟ್ಟ ರಿಯಾಯಿತಿ ಅದು. ಆದರೆ ಲಾಂಗರ್ 2023ರಲ್ಲಿ 65ನೆಯ ವಯಸ್ಸಿನಲ್ಲಿ ಯು.ಎಸ್. ಸೀನಿಯರ್ ಓಪನ್ ಗೆದ್ದನಲ್ಲ, ಅದು ಪೂರ್ತಿ ನಾಲ್ಕು ದಿನದ ಪಂದ್ಯ! 2024ರ ಫೆಬ್ರವರಿಯಲ್ಲಿ ಹಿಮ್ಮಡಿಯ ನರ ಕಿತ್ತುಹೋಯ್ತು. ಆಪರೇಷನ್ ಆಯ್ತು. ಮೇ ತಿಂಗಳಿಗೆ ವಾಪಸ್! ಅದೇ ನವೆಂಬರ್‌ನಲ್ಲಿ 67ನೆಯ ವಯಸ್ಸಿನಲ್ಲಿ ಮತ್ತೆ ಗೆದ್ದ. ಗುಟ್ಟು? ವರ್ಷಾನುಗಟ್ಟಲೆ ತಪ್ಪದ ಕಸರತ್ತು, ಮೈ ಎಳೆಯುವ ವ್ಯಾಯಾಮ, ಹೆಚ್ಚೂಕಡಿಮೆ ಒಂದೇ ಅಳತೆಯ ಮೈತೂಕ. 'ಕಾಮನಬಿಲ್ಲು' ಚಿತ್ರದಲ್ಲಿ ಐವತ್ತು ದಾಟಿದ ಅಣ್ಣಾವ್ರು ಮಾಡಿದ ಯೋಗಾಸನ ನೋಡಿ ಬಾಯಿ ಬಿಟ್ಟವರಲ್ಲವೆ ನಾವು? ಆ ಮೈ ಷೂಟಿಂಗ್ ದಿನ ಬೆಳಿಗ್ಗೆ ತಯಾರಾದದ್ದಲ್ಲ. ಇದೂ ಹಾಗೇ.

ಆ ರಾತ್ರಿ ಏನು ಮಾಡಬೇಕು?

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಅರವತ್ತರ ಆಸುಪಾಸಿನ ಗಾಲ್ಫ್ ಹುಚ್ಚರಿದ್ದರೆ, ಬೆನ್ನಿನ ಮೇಲೆ ಚೀಲ ಹೊತ್ತು ಬಾಳು ಸವೆಸಿದ ಹಿರಿಯ ಕ್ಯಾಡಿಗಳಿದ್ದರೆ, ಅವರಿಗೆ ಓದಿ ಹೇಳಿ.

ಆಟ ಮುಗಿದ ಕೂಡಲೇ ಕುರ್ಚಿಗೆ ಬೀಳಬಾರದು. ಹತ್ತು ನಿಮಿಷ ನಿಧಾನ ನಡೆದು ಮೈ ತಣಿಸಬೇಕು. ಬಾಯಾರಲಿ ಬಿಡಲಿ ನೀರು ಕುಡೀಬೇಕು. ಬಿಸಿಲಲ್ಲಿ ಆಡಿದ್ದರೆ ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ ಬಲು ಒಳ್ಳೇದು. ಬಿ.ಪಿ. ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನ ಕೇಳಲಿ. ಒಂದೆರಡು ಗಂಟೆಯೊಳಗೆ ಅನ್ನದ ಜೊತೆ ಬೇಳೆ, ಮೊಸರು, ಮೊಟ್ಟೆ, ಮೀನು ಯಾವುದಾದರೂ ಹೊಟ್ಟೆಗೆ ಬೀಳಬೇಕು. ತಣ್ಣೀರಿನ ಸ್ನಾನ ನೋವು ಕಡಿಮೆ ಮಾಡುತ್ತೆ, ಆದರೆ ಹೃದಯದ ತೊಂದರೆ ಇದ್ದವರು ಮಂಜುಗಡ್ಡೆ ಸಾಹಸಕ್ಕೆ ಹೋಗಕೂಡದು. ಕ್ಲಬ್ಬಿನ ಬಾರಿನಲ್ಲಿ "ಒಂದೇ ಒಂದು ಪೆಗ್" ಅಂತ ಕೂರೋದಿದೆಯಲ್ಲ, ಅದು ಬೇಗ ಕಣ್ಣು ಮುಚ್ಚಿಸುತ್ತೆ, ಗಾಢ ನಿದ್ದೆಯನ್ನ ಕದಿಯುತ್ತೆ. ನೋವಿನ ಮಾತ್ರೆ ನುಂಗಿ ನುಂಗಿ ಆಡೋದು ಹೊಟ್ಟೆಗೂ ಕಿಡ್ನಿಗೂ ಕೇಡು. ಎದೆ ಹಿಡಿದರೆ, ಕಾಲು ಒಂದೇ ಕಡೆ ಊದಿದರೆ, ಬೆನ್ನಿನ ನೋವು ಕಾಲಿಗೆ ಇಳಿದರೆ ಗಾಲ್ಫೂ ಬೇಡ, ಗಂಡಸ್ತನವೂ ಬೇಡ. ಸೀದಾ ಡಾಕ್ಟರ ಹತ್ತಿರ!

ಎಲ್ಲಕ್ಕಿಂತ ದೊಡ್ಡ ಔಷಧ ಒಂದಿದೆ, ದುಡ್ಡು ಬೇಡ. ಒಂದು ದಿನ ಆಡಿ ಒಂದು ದಿನ ಬಿಡೋದು. ಅದೇ ಹೋಗನ್ ಕಲಿತ ಕಾಲ್‌ಷೀಟ್ ಪಾಠ.

ನೀವು ಹುಡುಗರು. ಸೆಕೆಂಡ್ ಷೋ ಮುಗಿಸಿ, ನಾಲ್ಕು ಗಂಟೆ ನಿದ್ದೆ ಹೊಡೆದು, ಬೆಳಿಗ್ಗೆ ಎದ್ದು ಕಬಡ್ಡಿ ಆಡ್ತೀರಿ. ಮೈ ತಾನೇ ರಿಪೇರಿಯಾಗುತ್ತೆ, ನಿಮಗೆ ಗೊತ್ತೇ ಆಗಲ್ಲ. ಅದು ದೇವರು ಪುಕ್ಕಟೆ ಕೊಟ್ಟ ಪಾಸು, ಒಂದು ದಿನ ಮುಗಿಯುತ್ತೆ. ನಿನ್ನೆ ಇಡೀ ದಿನ ದುಡಿದ ಅಪ್ಪ ಇವತ್ತು ಬೆಳಿಗ್ಗೆ ಗೋಡೆ ಹಿಡಿದು ಮೆಟ್ಟಿಲಿಳಿದರೆ ನಗಬೇಡಿ. ಅವರ ಕೈಯಲ್ಲಿ ಕಸುಬು ಇನ್ನೂ ಹಾಗೇ ಇದೆ. ರಾತ್ರಿ ಮಾತ್ರ ಸಾಲ್ತಾ ಇಲ್ಲ.

1967ರ ಆ ಭಾನುವಾರ 77 ಹೊಡೆದು ಹೋಗನ್ ಮತ್ತೆ ಅದೇ ಏರು ಹತ್ತಿ ಬಂದ. ಅದೇ ಅವನ ಕೊನೆಯ ಮಾಸ್ಟರ್ಸ್. ಮತ್ತೆ ಆ ಪಂದ್ಯ ಆಡಲಿಲ್ಲ. ಆದರೆ ಆಗಸ್ಟಾದ ಹಳಬರನ್ನ ಆ ವರ್ಷದ ಮಾತು ಕೇಳಿ ನೋಡಿ. ಭಾನುವಾರದ 77 ಯಾರ ಬಾಯಲ್ಲೂ ಬರಲ್ಲ. ಎಲ್ಲರೂ ಹೇಳೋದು ಶನಿವಾರದ 66!